ಎರಡೂರಿನ ಆಯಿ

ನಾಗಣಸೂರಿನ ನಮ್ಮ ಮನೆಯಲ್ಲಿ ದೇವರ ಕೋಣೆಗೂ ಅಡುಗೆಮನೆಗೂ ನಡುವೆ ಬಾಗಿಲು ಇರಲಿಲ್ಲ, ಮೊಣಕಾಲೆತ್ತರದ ಒಂದು ಮಣ್ಣಿನ ಕಟ್ಟೆಯಷ್ಟೇ ಇತ್ತು. ಕಟ್ಟೆಯ ಆಚೆ ಆಯಿ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತರೆ, ಈಚೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಆಯಿ ಮಂತ್ರ ಹೇಳುವ ದನಿ, ರೊಟ್ಟಿ ಬಡಿಯುವ ಸಪ್ಪಳ, ಇವೆರಡೂ ಕೂಡಿ ಕೇಳಿಸಿದರೆ ಬೆಳಗಾಯಿತು ಎಂದು ನಾನು ಹಾಸಿಗೆಯಿಂದ ಏಳುತ್ತಿದ್ದೆ. ನಡುವೆ ಸಪ್ಪಳ ನಿಂತರೆ ಆಯಿ ಮಂತ್ರ ಬಿಟ್ಟು ‘ಹಿಟ್ಟ ತೀರಿತೇನು?’ ಎಂದು ಕೇಳಿ, ಮತ್ತೆ ಬಿಟ್ಟ ಅಕ್ಷರದಿಂದಲೇ ಮಂತ್ರ ಹಿಡಿಯುತ್ತಿದ್ದಳು. ಆಯಿ ಎಂದರೆ ನನ್ನ ಅಪ್ಪನ ತಾಯಿ. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ, ಹೆತ್ತವಳಿಗೆ ಅವ್ವ. ಇಷ್ಟು ಸಣ್ಣ ಮಾತನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ನಾನು ಈಗ ಹೇಳಹೊರಟಿರುವ ಗೋಳೂ ಆಮೇಲಿನ ನೆಮ್ಮದಿಯೂ ಆ ಎರಡಕ್ಷರದಿಂದಲೇ ಬಂದವು.

ಅಪ್ಪ ಮತ್ತು ಅವರ ತಮ್ಮ, ನನ್ನ ಕಾಕಾ, ಸೊಲ್ಲಾಪುರದ ಪೇಟೆಯಲ್ಲಿ ಚಾದರ, ಟಾವೆಲ್‌ಗಳ ಅಂಗಡಿ ಇಟ್ಟಿದ್ದರು. ಕಾಕಾನ ಸಂಸಾರ ಅಲ್ಲೇ, ಅಂಗಡಿಯ ಹಿಂದಿನ ಮನೆಯಲ್ಲಿ. ನಾವು ಮಾತ್ರ ಹೊಲ-ಮನೆ ನೋಡಿಕೊಂಡು ಆಯಿಯ ಜೊತೆ ಹಳ್ಳಿಯಲ್ಲಿದ್ದೆವು. ಅಪ್ಪ ವಾರಕ್ಕೊಮ್ಮೆ ಎಸ್‌ಟಿ ಬಸ್ಸು ಹತ್ತಿ ಬಂದು ಹೋಗುತ್ತಿದ್ದರು. ಆ ವರ್ಷ ಸಂಕ್ರಮಣದ ಎಳ್ಳು-ಬೆಲ್ಲ ಹಂಚಿದ ವಾರದಲ್ಲೇ ಆಯಿ ತೀರಿಕೊಂಡಳು. ನರಳಲಿಲ್ಲ, ಯಾರಿಂದಲೂ ಸೇವೆ ಮಾಡಿಸಿಕೊಳ್ಳಲಿಲ್ಲ. ಪೂಜೆ ಮುಗಿಸಿ, ವಿಭೂತಿ ಗಟ್ಟಿಯನ್ನು ಬಟ್ಟಲಲ್ಲಿಟ್ಟು, ಗೋಡೆಗೆ ಒರಗಿದವಳು ಹಾಗೆಯೇ ಹೋದಳು. ಶಿವ ಅಷ್ಟು ದಯೆ ತೋರಿದ ಎಂದು ಈಗ ಅನ್ನಿಸುತ್ತದೆ. ಆಗ ಏಳು ತುಂಬಿದ್ದ ನನಗೆ ಅದೆಲ್ಲ ಎಲ್ಲಿ ತಿಳಿಯಬೇಕು, ಆಯಿಯ ಹೆಸರೆತ್ತಿದರೆ ಸಾಕು ಅಳುತ್ತಿದ್ದೆ. ಹೊಲವನ್ನು ಪಾಲಿಗೆ ಕೊಟ್ಟು ಎಲ್ಲರೂ ಸೊಲ್ಲಾಪುರಕ್ಕೇ ಬಂದುಬಿಡುವುದು ಎಂದು ಅಪ್ಪ ನಿಶ್ಚಯಿಸಿದರು. ಕಾಕಾನ ಮಗಳು ವೀಣಾ ಓದುತ್ತಿದ್ದ ಕ್ರೈಸ್ತ ಸಿಸ್ಟರುಗಳ ಸಾಲಿಗೇ ನನ್ನನ್ನೂ ಹಾಕಬೇಕು ಎಂಬುದೂ ಅವರ ನಿಶ್ಚಯ. ಹಳ್ಳಿಯ ಕನ್ನಡ ಸಾಲಿಯಲ್ಲಿ ಎರಡನೆಯದು ಮುಗಿಸಿದ್ದರೂ ಇಲ್ಲಿ ಮತ್ತೆ ಒಂದನೆಯದರಿಂದ ಶುರು ಮಾಡಬೇಕಿತ್ತು.

ಬಿಸಿಲು ಏರತೊಡಗಿದ ಒಂದು ದಿನ ಅಪ್ಪ ನನ್ನನ್ನು ಪರೀಕ್ಷೆಗೆಂದು ಕರೆದುಕೊಂಡು ಹೋದರು. ಬಸ್ಸು ಇಳಿದವರೇ ಸೀದಾ ಸಾಲಿಗೆ. ಗೇಟಿನ ಒಳಗೆ ಬಿಳಿಯ ಕಲ್ಲಿನಲ್ಲಿ ಕೂಸನ್ನು ಎತ್ತಿಕೊಂಡ ತಾಯಿಯ ಮೂರ್ತಿ. ಅಪ್ಪ ಚಪ್ಪಲಿ ಬಿಟ್ಟು ಕೈಮುಗಿದರು, ನಾನೂ ಮುಗಿದೆ. ಮಕ್ಕಳನ್ನು ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಿದ್ದರು, ಹಿರಿಯರೆಲ್ಲ ಹೊರಗೆ ಪಡಸಾಲೆಯಲ್ಲಿ ಕೂರಬೇಕು. ಒಳಗೆ ಮೇಜಿನ ಆಚೆ ಬಿಳಿ ಸೀರೆಯ ದೊಡ್ಡ ಸಿಸ್ಟರ್. ಅವರು ಮುಂಬಯಿ ಹತ್ತಿರದ ವಸಈ ಕಡೆಯವರು, ಮರಾಠಿ ಮತ್ತು ಇಂಗ್ಲಿಷ್ ಬಿಟ್ಟರೆ ಬೇರೆ ಬಾರದು. ಕನ್ನಡದ ಮಕ್ಕಳಿಗಾಗಿ ಪಕ್ಕದಲ್ಲಿ ಸಾಲಿಯ ಕೆಲಸದ ಮಾವಶಿಯನ್ನು ನಿಲ್ಲಿಸಿಕೊಂಡಿದ್ದರು. ಮಾವಶಿ ತೆಲುಗಿನವಳು, ಮಗ್ಗದವರ ಓಣಿಯವಳು. ಕನ್ನಡದವರ ನೆರೆಯಲ್ಲಿದ್ದು ಒಂದಿಷ್ಟು ಕನ್ನಡ ಕಲಿತಿದ್ದಳು. ಹೀಗೆ ಮರಾಠಿಯ ಸಿಸ್ಟರು, ತೆಲುಗಿನ ಮಾವಶಿ, ಕನ್ನಡದ ನಾನು, ಮೂರು ಜನ ಕೂಡಿ ನನ್ನ ಹಣೆಬರಹ ಓದತೊಡಗಿದೆವು.

‘ತುಝಂ ನಾವ್ ಕಾಯ್?’ ಎಂದರು ಸಿಸ್ಟರ್. ನಿನ್ನ ಹೆಸರೇನು ಎಂದು ಅದರ ಅರ್ಥ. ನನಗೆ ಕೇಳಿಸಿದ್ದು ‘ನಾವು’ ಎಂಬುದೊಂದೇ.

‘ನಾವು ನಾಗಣಸೂರದವರ್ರಿ’ ಎಂದೆ.

ಮಾವಶಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ‘ಊರ ಅಲ್ಲ ಬಾಳಾ, ಹೆಸರ, ಹೆಸರ ಹೇಳ’ ಎಂದಳು. ಶಾಂತಾ ಎಂದು ಹೇಳಿದೆ. ಆಮೇಲೆ ಪಾಟಿಯ ಮೇಲೆ ಕೂಡಿಸುವ, ಕಳೆಯುವ ಲೆಕ್ಕ ಕೊಟ್ಟರು. ಪುಣ್ಯಕ್ಕೆ ಲೆಕ್ಕಕ್ಕೆ ಭಾಷೆ ಬೇಕಿರಲಿಲ್ಲ, ಎಲ್ಲ ಸರಸರ ಮಾಡಿದೆ. ಸಿಸ್ಟರ್ ಪಾಟಿಯನ್ನು ತಿರುಗಿಸಿ ನೋಡಿ, ಮುಖ ಅರಳಿಸಿ, ಮನೆಯ ವಿಚಾರ ಕೇಳಿದರು.

‘ಆಈ ಕಾಯ್ ಕರ್ತೆ?’

ಅಷ್ಟು ಹೊತ್ತಿನ ಅರಿಯದ ಮಾತುಗಳ ನಡುವೆ ಒಂದೇ ಒಂದು ನನ್ನ ಮನೆಯ ಮಾತು ಬಂತು. ನಮ್ಮ ಆಯಿ ಇವರಿಗೂ ಗೊತ್ತು ಎಂದುಕೊಂಡೆನೋ ಏನೋ, ಕಣ್ಣು ತುಂಬಿ ಬಂತು.

‘ಆಯಿ ಸತ್ತಾಳ್ರಿ. ಸಂಕ್ರಮಣದಾಗ.’

ಸಿಸ್ಟರ್ ಕೇಳಿದ್ದು ತಾಯಿ ಏನು ಮಾಡುತ್ತಾಳೆ ಎಂದು. ಮಾವಶಿಗೆ ‘ಸತ್ತಾಳ’ ಎಂಬುದು ತಿಳಿಯಿತು. ಆಯಿ ಎಂಬುದಂತೂ ಅವಳು ದಿನಾ ಮರಾಠಿಯಲ್ಲಿ ತಾಯಿ ಎಂಬರ್ಥದಲ್ಲಿ ಕೇಳುವ ಮಾತು, ಅದನ್ನು ಬಿಡಿಸಿ ಹೇಳುವ ಪ್ರಶ್ನೆಯೇ ಇರಲಿಲ್ಲ. ತಾಯಿ ತೀರಿಕೊಂಡಿದ್ದಾಳಂತೆ ಎಂದು ಮರಾಠಿಯಲ್ಲಿ ಹೇಳಿಬಿಟ್ಟಳು. ಸಿಸ್ಟರ್ ಮೇಜಿನ ಆಚೆಯಿಂದ ಎದ್ದು ಬಂದರು. ನನ್ನ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿ ಹಿಡಿದುಕೊಂಡು ನಿಂತರು. ನಾನು ಆಯಿಗಾಗಿ ಮನಸಾರೆ ಅತ್ತೆ.

ಆಮೇಲೆ ನನ್ನನ್ನು ಕೈಹಿಡಿದು ಪಡಸಾಲೆಗೆ ಕರೆತಂದು ಅಪ್ಪನೊಡನೆ ಮಾತಾಡಿದರು. ಮನೆಯಲ್ಲಿ ದುಃಖವಾಗಿದೆಯೆಂದು ಈಗ ತಿಳಿಯಿತು, ಮಗು ಬಹಳ ಹಚ್ಚಿಕೊಂಡಿದೆ, ನೀವು ಧೈರ್ಯ ತಂದುಕೊಳ್ಳಿ ಎಂದರಂತೆ. ಅಪ್ಪ ತಮ್ಮ ತಾಯಿಯನ್ನು ನೆನೆದು ತಲೆ ತಗ್ಗಿಸಿದರಂತೆ. ಆಕೆಯಿಂದಲೇ ನಮ್ಮ ಮನೆ ನಿಂತಿತ್ತು ಸಿಸ್ಟರ್ ಎಂದರಂತೆ. ಇಬ್ಬರ ಕಣ್ಣೂ ಒದ್ದೆಯಾಗಿದ್ದವು. ಆಗಿನ ಅರ್ಜಿಯಲ್ಲಿ ಹುಡುಗಿಯ ಹೆಸರಿನ ಪಕ್ಕ ತಂದೆಯ ಹೆಸರು, ಅಡ್ಡಹೆಸರು, ಇಷ್ಟೇ. ತಾಯಿಯ ಹೆಸರಿಗೆ ಒಂದು ಗೆರೆಯೂ ಇರಲಿಲ್ಲ. ಹಾಗಾಗಿ ತಪ್ಪು ತಿದ್ದಲು ಕಾಗದವೂ ಒದಗಲಿಲ್ಲ. ಸೀಟು ಸಿಕ್ಕಿತು. ಊರಿಗೆ ಹೋಗುವ ಬಸ್ಸಿನಲ್ಲಿ ಅಪ್ಪ ನನ್ನನ್ನು ಕಿಟಕಿಯ ಪಕ್ಕ ಕೂಡಿಸಿ ಹೇಳಿದರು:

‘ಎಂಥಾ ದೊಡ್ಡ ಮನಸಿನವರು ನೋಡ. ನಮ್ಮವ್ವ ಹೋಗಿದ್ದಕ್ಕ ಅವರ ಕಣ್ಣಾಗ ನೀರು.’

ಹಳ್ಳಿಯ ಸಾಲಿಯ ಪರೀಕ್ಷೆ, ರಿಸಲ್ಟು ಎಲ್ಲ ಮುಗಿದು ಮೇ ತಿಂಗಳಲ್ಲಿ ನಾವು ಸಾಮಾನು ಹೇರಿಕೊಂಡು ಸೊಲ್ಲಾಪುರಕ್ಕೆ ಬಂದೆವು. ಆ ಮನೆ ರೈಲಿನ ಡಬ್ಬಿಗಳ ಹಾಗೆ, ಒಂದರ ಹಿಂದೆ ಒಂದು ಕೋಣೆ. ಮುಂದೆ ಅಂಗಡಿ, ಅದರ ಹಿಂದೆ ಚಾದರದ ಗಂಟುಗಳ ಕೋಣೆ, ಆಮೇಲೆ ನಡುಮನೆ, ಕೊನೆಗೆ ಅಡುಗೆಮನೆ, ಬಚ್ಚಲು. ಮನೆಯಲ್ಲೆಲ್ಲ ಹೊಸ ನೂಲಿನ ವಾಸನೆ. ನೀರು ಬರುವುದು ಬೆಳಗಿನ ಒಂದು ಹೊತ್ತು ಮಾತ್ರ. ಅಡುಗೆಮನೆ ಒಂದೇ, ಅದರಲ್ಲಿ ಹೆಂಗಸರು ಇಬ್ಬರು. ಕಾಕಾನ ಹೆಂಡತಿಗೆ ನಾವು ಕಾಕು ಅನ್ನುತ್ತಿದ್ದೆವು. ಸೊಲ್ಲಾಪುರದಲ್ಲೇ ಹುಟ್ಟಿ ಬೆಳೆದವಳು, ಮಾತು ಚುರುಕು. ಅವಳು ಸ್ಟವ್ ಹಚ್ಚಿ ಗೋದಿಹಿಟ್ಟಿನ ಪೋಳಿ ಮಾಡಿದರೆ ಅವ್ವ ಕಟ್ಟಿಗೆ ಒಲೆಗೆ ರೊಟ್ಟಿ ಹಾಕುತ್ತಿದ್ದಳು. ಹಳ್ಳಿಯಲ್ಲಿ ಅತ್ತೆಯ ಕೈಕೆಳಗೆ ಒಂದು ಅಡುಗೆಮನೆ ನಡೆಸಿದವಳಿಗೆ ಇಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಕೇಳಿ ಅಡುಗೆ ಮಾಡುವ ಗತಿ. ಅವ್ವನಿಗೆ ಮರಾಠಿ ಬಾರದು. ಓಣಿಯ ಹೆಂಗಸರು ಏನಾದರೂ ಕೇಳಿದರೆ ನಕ್ಕು ಒಳಗೆ ಬಂದುಬಿಡುತ್ತಿದ್ದಳು.

ಬಂದ ಮರುದಿನ ಬೆಳಿಗ್ಗೆ ವೀಣಾ ಕನ್ನಡಿಯ ಮುಂದೆ ನಿಂತು ‘ಆಈ, ಮಾಝೀ ರಿಬನ್?’ ಎಂದು ಕೂಗಿದಳು. ನಾಲ್ಕು ತಿಂಗಳ ಹಿಂದೆ ಹೋದ ಆಯಿಯನ್ನು ಇವಳು ಹೀಗೆ ಕೂಗುತ್ತಾಳಲ್ಲ ಎಂದು ಗೋಡೆಯ ಮೇಲಿನ ಫೋಟೋ ನೋಡಿದೆ. ಅಡುಗೆಮನೆಯಿಂದ ರಿಬ್ಬನ್ ಹಿಡಿದುಕೊಂಡು ಕಾಕು ಬಂದಳು.

‘ಯಾರ್ನ ಕರದಿ ನೀ?’

‘ನಮ್ಮ ಆಈನ್ನ. ಮತ್ತ ಯಾರ್ನ ಕರೀಲಿ?’

‘ಆಯಿ ಸತ್ತಾಳಲ್ಲ.’

‘ಥೂ, ಬಿಡ್ತು ಅನ್ನು’ ಎಂದಳು ವೀಣಾ. ‘ಸತ್ತಾಕಿ ಆಜಿ. ಆಈ ಅಂದ್ರ ಅವ್ವ. ಇಷ್ಟೂ ತಿಳೀದಿಲ್ಲ, ಹಳ್ಳಿ ಗುಗ್ಗು.’

ರಜೆಗೆ ಹಳ್ಳಿಗೆ ಬಂದಾಗ ಆಯಿಯ ಎದುರು ಕನ್ನಡವನ್ನೇ ಆಡಬೇಕು ಎಂಬ ಕಟ್ಟಪ್ಪಣೆ ಇತ್ತು. ಅಲ್ಲಿ ವೀಣಾ ತನ್ನ ತಾಯಿಯನ್ನು ಅವ್ವ ಎಂದೇ ಕರೆಯುತ್ತಿದ್ದಳು. ಅದಕ್ಕೇ ನಾನು ಈ ಮಾತು ಕೇಳಿರಲಿಲ್ಲ. ಬಚ್ಚಲಿಗೆ ಹೋಗಿ ಹಂಡೆಯ ಪಕ್ಕ ಕೂತೆ. ಸಿಸ್ಟರ್ ನನ್ನ ತಲೆ ಹಿಡಿದುಕೊಂಡು ಯಾಕೆ ನಿಂತಿದ್ದರು ಎಂದು ಆಗ ತಿಳಿಯಿತು. ಗೇಟಿನಲ್ಲಿ ತಾಯಿ-ಕೂಸಿನ ಮೂರ್ತಿಗೆ ಕೈಮುಗಿದು ಒಳಗೆ ಹೋಗಿ, ನನ್ನ ಅವ್ವ ಸತ್ತಿದ್ದಾಳೆ ಎಂದು ನಾನೇ ಬಾಯಿಬಿಟ್ಟು ಹೇಳಿ ಬಂದಿದ್ದೆ. ಸಂಜೆ ವೀಣಾಳನ್ನು ಮೆಲ್ಲಗೆ ಕೇಳಿದೆ, ತಾಯಿ ಇಲ್ಲದ ಹುಡುಗಿಯರು ನಿಮ್ಮ ಸಾಲಿಯಲ್ಲಿ ಇದ್ದಾರಾ ಎಂದು.

‘ಅದಾರಲ್ಲ, ಬೋರ್ಡಿಂಗದಾಗ. ಅವರ್ನ ಸಿಸ್ಟರ್ ಮೊದಲ ತಗೋತಾರ. ನಮ್ಮಂಥವರಿಗಿ ಸೀಟ ಸಿಗೂದು ಭಾಳ ಕಠಿಣ.’

ಅಲ್ಲಿಗೆ ನನ್ನ ಲೆಕ್ಕ ಮುಗಿಯಿತು. ಅವ್ವ ಸತ್ತಳೆಂದು ಸೀಟು ಕೊಟ್ಟಿದ್ದಾರೆ. ಅವ್ವ ಬದುಕಿದ್ದಾಳೆಂದು ಗೊತ್ತಾದರೆ ಸೀಟು ಹೋಗುತ್ತದೆ. ಅಪ್ಪ ಅಂಗಡಿಗೆ ಬಂದವರಿಗೆಲ್ಲ ಮಗಳು ಸಿಸ್ಟರುಗಳ ಸಾಲಿಗೆ ಹೋಗುತ್ತಾಳೆಂದು ಹೇಳಿಕೊಳ್ಳುತ್ತಿದ್ದರು. ಇದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಸಾಲಿಯ ಪುಸ್ತಕದಲ್ಲಿ ಬರೆದದ್ದನ್ನು ದೇವರು ನಿಜವೆಂದು ತಿಳಿದುಬಿಟ್ಟರೆ? ಅಂದಿನಿಂದ ದಿನವೂ ಸ್ನಾನ ಮಾಡಿ ದೇವರ ಮಾಡದ ಮುಂದೆ ನಿಂತು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ, ‘ನಮ್ಮವ್ವ ಅದಾಳ, ಅಡಿಗಿ ಮನ್ಯಾಗ ಅದಾಳ’ ಎಂದು ಎರಡು ಸಲ ಹೇಳುತ್ತಿದ್ದೆ. ಹೇಳಿ, ಹೋಗಿ ನೋಡಿ ಬರುತ್ತಿದ್ದೆ. ಅವ್ವ ಅಲ್ಲೇ ಇರುತ್ತಿದ್ದಳು. ಇವತ್ತಿಗೂ ಪೂಜೆ ಮುಗಿಸುವಾಗ ಮನೆಯವರ ಹೆಸರನ್ನು ಒಂದೊಂದಾಗಿ ಹೇಳಿ, ಅವರು ಎಲ್ಲಿದ್ದಾರೆಂಬುದನ್ನೂ ದೇವರಿಗೆ ತಿಳಿಸುವ ರೂಢಿ ನನಗಿದೆ. ಸೊಸೆ ನಗುತ್ತಾಳೆ, ದೇವರಿಗಿ ಅಡ್ರೆಸ್ ಬೇಕೇನ್ರಿ ಅತ್ತಿ ಎಂದು. ನಗಲಿ, ಅದು ಎಲ್ಲಿಂದ ಹತ್ತಿದ ರೂಢಿ ಎಂದು ನನಗೆ ಗೊತ್ತಲ್ಲ.

ಜೂನ್ ಹತ್ತಿರ ಬಂದಂತೆ ಮನೆ ಸಾಲಿಯ ತಯಾರಿಗೆ ತಿರುಗಿತು. ಈಗ ನನ್ನ ಮೊಮ್ಮಗಳ ಸಾಲಿಯ ಪಟ್ಟಿ ಫೋನಿಗೇ ಬರುತ್ತದೆ, ಅಂಗಡಿಯವನು ಎಲ್ಲ ಕಟ್ಟಿ ಚೀಲದಲ್ಲಿ ಹಾಕಿಕೊಡುತ್ತಾನೆ. ಆಗ ಒಂದು ಗುಲಾಬಿ ಕಾಗದ ಬರುತ್ತಿತ್ತು. ಅದನ್ನು ಕಾಕು ಓದುವುದು, ಉಳಿದವರು ಕೇಳುವುದು. ಬಿಳಿ ಅಂಗಿ ಎರಡು, ನೀಲಿ ಫ್ರಾಕು ಎರಡು, ಕಪ್ಪು ಬೂಟು, ಎದೆಗೆ ಪಿನ್ನು ಹಾಕಿ ಸಿಕ್ಕಿಸಲು ಕರವಸ್ತ್ರ, ಎರಡು ಜಡೆಗೆ ಬಿಳಿ ರಿಬ್ಬನ್. ಅಪ್ಪ ಅಂಗಡಿಯ ಖಾಕಿ ಕಾಗದದಲ್ಲೇ ಪುಸ್ತಕಗಳಿಗೆ ಹೊದಿಕೆ ಹಾಕಿದರು, ಚಾದರದ ಗಂಟು ಕಟ್ಟುವ ಕೈಗೆ ಪುಸ್ತಕದ ಮೂಲೆ ಮಡಿಸುವುದು ಎಂಥ ಕೆಲಸ. ಫ್ರಾಕನ್ನು ಅವ್ವ ಕೈಯಲ್ಲೇ ಹೊಲಿಯಲು ಕೂತಳು. ಮಷೀನು ಇರುವಾಗ ಕೈಹೊಲಿಗೆ ಯಾಕೆಂದು ಕಾಕು, ನಿನ್ನ ಮಷೀನಿನ ಸೂಜಿ ಮುರಿದರೆ ಆಮೇಲೆ ವರ್ಷವಿಡೀ ಕೇಳಬೇಕಾಗುತ್ತದೆ ಎಂದು ಅವ್ವ. ಊಟದ ಡಬ್ಬಿಯ ವಿಷಯಕ್ಕೂ ಜಗಳ ಆಯಿತು. ರೊಟ್ಟಿ ಡಬ್ಬಿಯಲ್ಲಿ ಮುರಿದು ಪುಡಿಯಾಗುತ್ತದೆ, ಪೋಳಿಯೇ ಕಟ್ಟಬೇಕು ಎಂದು ಕಾಕು ಹಟ ಹಿಡಿದಳು. ಬಿಸಿಯಲ್ಲೇ ಮಡಿಸಿ ಶೇಂಗಾ ಹಿಂಡಿ ಹಚ್ಚಿದರೆ ಸಂಜೆತನಕ ಮೆತ್ತಗಿರುತ್ತದೆ, ನಾನು ಹೊಲಕ್ಕೆ ಬುತ್ತಿ ಕಟ್ಟಿದವಳು ಎಂದು ಅವ್ವ. ಎರಡು ದಿನ ಇಬ್ಬರೂ ಮಾತಾಡದೆ, ಒಬ್ಬರಿಗೊಬ್ಬರು ಬೇಕಾದ ಪಾತ್ರೆಯನ್ನು ಮಾತ್ರ ಸರಿಸಿಕೊಡುತ್ತ ಅಡುಗೆ ಮಾಡಿದರು.

ಗುಲಾಬಿ ಕಾಗದದ ಕೊನೆಯಲ್ಲಿ ಒಂದು ಸೂಚನೆಯಿತ್ತು. ಸಾಲಿ ತೆರೆಯುವ ಮೊದಲು ಹೊಸ ಮಕ್ಕಳ ಮನೆಯವರೆಲ್ಲ ಒಂದು ಮುಂಜಾನೆ ಬರಬೇಕು. ಅಂದು ತಾಯಂದಿರು ತಮ್ಮ ಮಗುವಿನ ಕೈಯನ್ನು ತರಗತಿಯ ಟೀಚರ ಕೈಯಲ್ಲಿ ಕೊಡಬೇಕು, ಅದು ಆ ಸಾಲಿಯ ಪದ್ಧತಿ. ಕಾಕು ಓದಿ ಮುಗಿಸಿ ಅವ್ವನತ್ತ ನೋಡಿದಳು.

‘ಅಕ್ಕಾ, ನಾನ ಹೋಗಿ ಬರ್ತೀನಿ. ಅಲ್ಲೆಲ್ಲ ಮರಾಠಿ, ಇಂಗ್ಲಿಷ. ನೀವು ಕುಂತು ಏನ ಮಾಡ್ತೀರಿ?’

‘ಕೈ ಕೊಡಾಕ ಭಾಷಾ ಯಾಕ ಬೇಕ?’ ಎಂದಳು ಅವ್ವ.

ಇಬ್ಬರೂ ನನ್ನ ಕಡೆ ತಿರುಗಿದರು. ಕಾಕು ಹೋದರೆ ಯಾರೂ ಏನೂ ಕೇಳುವುದಿಲ್ಲ, ಸೀಟು ಉಳಿಯುತ್ತದೆ.

‘ನೀ ಬರಬ್ಯಾಡ ಅವ್ವಾ. ಕಾಕು ಬರ್ಲಿ.’

ಅವ್ವ ಸೂಜಿಯನ್ನು ಫ್ರಾಕಿಗೆ ಚುಚ್ಚಿ ನಿಲ್ಲಿಸಿದಳು.

‘ಯಾಕವ್ವಾ?’

ನಿಜ ಹೇಳಿದರೆ, ನಿನ್ನನ್ನು ಸಾಯಿಸಿ ಬಂದಿದ್ದೇನೆ ಎನ್ನಬೇಕು. ಸುಳ್ಳು ಹೊಳೆಯಲಿಲ್ಲ. ಅವ್ವ ತನ್ನ ಸೀರೆಯತ್ತ ನೋಡಿಕೊಂಡಳು, ಇಳಕಲ್ಲಿನ ಹಳೆಯ ಕೆಂಪು ಸೀರೆ. ಆಮೇಲೆ ಕೈಯಲ್ಲಿನ ಒಲೆಯ ಮಸಿ ನೋಡಿಕೊಂಡಳು. ‘ಆತು’ ಎಂದಷ್ಟೇ ಹೇಳಿ ಮತ್ತೆ ಹೊಲಿಯತೊಡಗಿದಳು. ಅವಳು ಏನೆಂದು ತಿಳಿದಳು ಎಂಬುದು ಏಳು ವರ್ಷದ ನನಗೂ ಗೊತ್ತಾಯಿತು. ಗೊತ್ತಾಗಿಯೂ ಬಾಯಿ ತೆರೆಯಲಿಲ್ಲ. ಆ ಮನೆಯಲ್ಲಿ ನಾನು ತಿಂದ ಊಟಗಳಲ್ಲಿ ಅಂದಿನ ಊಟದಷ್ಟು ರುಚಿಗೆಟ್ಟದ್ದು ಇನ್ನೊಂದಿಲ್ಲ. ಪಲ್ಯ ಪುಂಡಿಯದು, ನನಗೆ ಜೀವ, ಆದರೂ ಅರ್ಧ ತಟ್ಟೆಯಲ್ಲೇ ಉಳಿಯಿತು. ಅವ್ವ ಎಂದಿನಂತೆ ಎರಡನೇ ಸಲ ಬಡಿಸಲು ಬರಲಿಲ್ಲ.

ಆ ಮುಂಜಾನೆ ಕಾಕು ಪಾಲಿಸ್ಟರ್ ಸೀರೆ ಉಟ್ಟು, ಪರ್ಸು ಹಿಡಿದು ತಯಾರಾದಳು. ನನಗೆ ಜಡೆ ಹಾಕಿದ್ದು ಅವ್ವನೇ. ಜಡೆ ಮುಗಿಸಿ, ರಿಬ್ಬನ್ ಕಟ್ಟಿ, ಎದ್ದು ಒಳಗೆ ಹೋದವಳು ಒಗೆದ ಸೀರೆಯಲ್ಲಿ ಹೊರಗೆ ಬಂದಳು. ಕೈಯಲ್ಲಿ ಅಕ್ಕಿ, ಕಾಯಿ, ಕುಪ್ಪಸದ ಬಟ್ಟೆ ಇದ್ದ ತಟ್ಟೆ, ಮೇಲೆ ಒಂದು ಬಟ್ಟೆ ಮುಚ್ಚಿತ್ತು.

‘ಮಾತಾಡಾಂಗಿಲ್ಲ ನಾ. ಹಿಂದ ನಿಂದರ್ತೀನಿ. ಮಗಳ್ನ ಒಪ್ಪಿಸಾಕ ಬರಿಗೈಲೆ ಹೋಗಬಾರದು’ ಎಂದಳು. ನನ್ನ ಮುಖ ನೋಡಲಿಲ್ಲ.

ಕಾಕು ಏನಾದರೂ ಚುಚ್ಚುವ ಮಾತು ಆಡಿಯಾಳು ಎಂದುಕೊಂಡೆ. ಆಡಲಿಲ್ಲ. ಅವ್ವನ ಕೈಯಿಂದ ತಟ್ಟೆ ಇಸಿದುಕೊಂಡು ತಾನು ಹಿಡಿದಳು, ಅಷ್ಟೇ. ಅದೂ ಒಂದು ಪುಣ್ಯವೆಂದೇ ನಾನು ಎಣಿಸುತ್ತೇನೆ. ದಾರಿಯುದ್ದಕ್ಕೂ ನಾನು ಅವರಿಬ್ಬರಿಗಿಂತ ಹತ್ತು ಹೆಜ್ಜೆ ಹಿಂದೆ ಬಿದ್ದು ನಡೆದೆ.

ಸಾಲಿಯ ಹಾಲಿನಲ್ಲಿ ಬೆಂಚು ಹಾಕಿದ್ದರು. ದೊಡ್ಡ ಸಿಸ್ಟರ್ ಮುಂದೆ ನಿಂತು ಮರಾಠಿಯಲ್ಲಿ ಮಾತಾಡಿದರು, ಕಾಕು ಅವ್ವನ ಕಿವಿಯಲ್ಲಿ ಕನ್ನಡ ಮಾಡುತ್ತ ಹೋದಳು. ಬೂಟನ್ನು ಹಿಂದಿನ ದಿನವೇ ಒರೆಸಿಡಿ. ಮಗು ಮನೆಗೆ ಬಂದ ಕೂಡಲೇ ಮಾರ್ಕು ಕೇಳಬೇಡಿ, ಏನು ತಿಂದೆ, ಯಾರ ಜೊತೆ ಆಡಿದೆ ಎಂದು ಕೇಳಿ. ನಾವು ಇಲ್ಲಿ ನಮ್ಮ ಪ್ರಾರ್ಥನೆ ಮಾಡುತ್ತೇವೆ, ನೀವು ಮನೆಯಲ್ಲಿ ನಿಮ್ಮದು ಮಾಡಿಸಿ, ಬಿಡಬೇಡಿ. ಅವ್ವ ಈ ಮಾತಿಗೆ ತಲೆಯಾಡಿಸಿದಳು. ‘ಶಾಣ್ಯಾಕಿ ಅದಾಳ’ ಎಂದಳು ಮೆಲ್ಲಗೆ. ಆಮೇಲೆ ಹೆಸರು ಕರೆಯತೊಡಗಿದರು. ಒಬ್ಬೊಬ್ಬ ತಾಯಿ ಮಗುವಿನ ಕೈಹಿಡಿದು ಮುಂದೆ ಹೋಗಿ ಟೀಚರ ಕೈಗೆ ಕೊಟ್ಟು ಬರುವಳು.

ನನ್ನ ಹೆಸರು ಬಂದಾಗ ಸಿಸ್ಟರ್ ಕಾಗದ ಕೆಳಗಿಟ್ಟರು. ಈ ಮಗುವಿನ ಆಈ ಇದೇ ವರ್ಷ ತೀರಿಕೊಂಡಿದ್ದಾಳೆ, ನೀವೆಲ್ಲ ತಾಯಂದಿರು ಇವಳನ್ನು ನಿಮ್ಮ ಮಗಳೆಂದು ನೋಡಿ, ಇವಳ ಜೊತೆ ಮನೆಯವರು ಯಾರು ಬಂದಿದ್ದಾರೋ ಅವರು ಬರಲಿ ಎಂದರು. ಹಾಲಿನಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಕಾಕುವಿನ ಬಾಯಿ ತೆರೆದದ್ದು ಹಾಗೇ ಉಳಿಯಿತು, ಕನ್ನಡ ಮಾಡುವುದು ನಿಂತಿತು. ಅವ್ವನಿಗೆ ಮಾತ್ರ ಆ ಮಾತಿನಲ್ಲಿ ಒಂದು ತಿಳಿಯಿತು, ಆಯಿ ಎಂಬುದು. ಮನೆಯಲ್ಲಿ ವೀಣಾ ಕೂಗುವ ಆಈಯನ್ನು ದಿನಾ ಕೇಳುತ್ತಿದ್ದರೂ, ಎಲ್ಲರ ಮುಖದ ಮರುಕ ನೋಡಿ ಅವಳಿಗೆ ಹೊಳೆದದ್ದು ಅತ್ತೆಯೇ. ಅತ್ತೆಯ ಸಾವನ್ನು ಈ ಪರವೂರ ಹೆಂಗಸು ನೆನೆದು ಹೇಳುತ್ತಿದ್ದಾಳೆ ಎಂದುಕೊಂಡು, ಕಣ್ಣಲ್ಲಿ ನೀರು ತಂದುಕೊಂಡು, ಎದ್ದು ನಿಂತು ಎಲ್ಲರಿಗೂ ಕೈಮುಗಿದಳು. ತನ್ನದೇ ಸಾವಿಗೆ.

ಅದನ್ನು ನೋಡುತ್ತ ಕೂರಲು ನನ್ನಿಂದ ಆಗಲಿಲ್ಲ. ಸೀಟು ಹೋದರೆ ಹೋಗಲಿ ಎನ್ನಿಸಿತೋ, ಏನೂ ಅನ್ನಿಸಲಿಲ್ಲವೋ, ನೆನಪಿಲ್ಲ. ಅವ್ವನ ಕೈಹಿಡಿದು ಎಳೆದುಕೊಂಡು ಮುಂದೆ ಹೋದೆ. ರಜೆಯಲ್ಲಿ ವೀಣಾಳಿಂದ ಕಲಿತಿದ್ದ ಮರಾಠಿಯೆಲ್ಲ ಕೂಡಿಸಿ ಹೇಳಿದೆ:

‘ಹೀ ಮಾಝೀ ಆಈ. ಆಈ ವಾರ್ಲೀ ನಾಹೀ. ಆಯಿ ವಾರ್ಲೀ.’

ಇವಳೇ ನನ್ನ ಆಈ. ಆಈ ಸತ್ತಿಲ್ಲ, ಸತ್ತದ್ದು ಆಯಿ ಎಂದು. ಕಾಗದದ ಮೇಲೆ ಎರಡನ್ನೂ ಬೇರೆ ಬೇರೆ ಬರೆಯಬಹುದು, ಬಾಯಲ್ಲಿ ಎರಡೂ ಒಂದೇ. ಹಾಲಿಗೆ ಕೇಳಿಸಿದ್ದು, ತಾಯಿ ಸತ್ತಿಲ್ಲ, ತಾಯಿ ಸತ್ತಿದ್ದಾಳೆ ಎಂದು. ಸಿಸ್ಟರ್ ನನ್ನ ಹಣೆ ಮುಟ್ಟಿ ನೋಡಿದರು. ಬಹುಶಃ ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡರು. ಆಗ ಹಿಂದಿನಿಂದ ಕಾಕುವಿನ ದನಿ ಬಂತು, ಓಣಿಯಲ್ಲಿ ನೀರಿನ ಜಗಳಕ್ಕೆ ಏರುವ ಅದೇ ದನಿ. ಕಾನಡೀಯಲ್ಲಿ ಆಯಿ ಅಂದರೆ ಆಜಿ ಸಿಸ್ಟರ್, ತೀರಿಕೊಂಡದ್ದು ನಮ್ಮ ಅತ್ತೆ, ಇವರು ನನ್ನ ವಾರಗಿತ್ತಿ, ಹುಡುಗಿಯ ಹೆತ್ತ ತಾಯಿ, ಚೆನ್ನಾಗಿಯೇ ಇದ್ದಾರೆ, ಮೊನ್ನೆ ಮೊನ್ನೆ ನನ್ನ ಜೊತೆ ಜಗಳವನ್ನೂ ಆಡಿದ್ದಾರೆ ಎಂದು ಒಂದೇ ಉಸಿರಿಗೆ ಹೇಳಿದಳು. ಬಾಗಿಲ ಬಳಿ ನಿಂತಿದ್ದ ಮಾವಶಿ ಹಣೆ ಚಚ್ಚಿಕೊಂಡು ಅಲ್ಲೇ ಕೂತಳು.

ಅವ್ವ ಕಾಕುವಿನ ಕಡೆ ನೋಡಿದಳು. ‘ಏನಂತಾರ?’

‘ನೀವು ಸತ್ತೀರಿ ಅಂತ ಬರಕೊಂಡಿದ್ರಂತ ಅಕ್ಕಾ.’

ಅವ್ವ ಎರಡೂ ಕೈ ಎತ್ತಿ ಹಸಿರು ಬಳೆಗಳನ್ನು ಸಿಸ್ಟರಿಗೆ ತೋರಿಸಿದಳು.

‘ಹೇಳ ಅವರಿಗಿ. ಸತ್ತಾಕಿ ದಿನಾ ಎರಡ ಹೊತ್ತ ಅಡಿಗಿ ಮಾಡಾಕತ್ತಾಳ, ಮನ್ಯಾಗ ಎಲ್ಲಾರು ಉಣ್ಣಾಕತ್ತಾರ ಅಂತ.’

ಕಾಕು ಅದನ್ನೂ ಮರಾಠಿಗೆ ತಿರುಗಿಸಿದಳು. ಮೊದಲು ನಕ್ಕವರು ಸಿಸ್ಟರೇ. ಆಮೇಲೆ ಹಾಲೆಲ್ಲ ನಕ್ಕಿತು. ನಾನೊಬ್ಬಳೇ ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಯಾಕೆಂದು ಸಿಸ್ಟರ್ ಬಗ್ಗಿ ಕೇಳಿದಾಗ, ಸೀಟು ಹೋಯಿತೇನು ಎಂದು ಕನ್ನಡದಲ್ಲೇ ಕೇಳಿದೆ. ಮಾವಶಿ ಎದ್ದು ಬಂದು, ಈ ಸಲ ಒಂದೊಂದು ಮಾತನ್ನೂ ಎರಡೆರಡು ಸಲ ಕಾಕುವನ್ನು ಕೇಳಿ ಖಾತ್ರಿ ಮಾಡಿಕೊಂಡು, ಸಿಸ್ಟರ ಉತ್ತರವನ್ನು ನನಗೆ ಮುಟ್ಟಿಸಿದಳು.

‘ಸೀಟ ನಿನ್ನ ಪಾಟೀ ಮ್ಯಾಲಿನ ಲೆಕ್ಕಕ್ಕ ಕೊಟ್ಟಾರಂತ. ನೀ ಅಳಾಕ ಚಾಲೂ ಮಾಡೂಕಿಂತ ಮೊದಲ ಕೊಟ್ಟಾಗಿತ್ತಂತ.’

ಅವ್ವ ನನ್ನ ಕೈಯನ್ನು ಟೀಚರ ಕೈಯಲ್ಲಿ ಇಟ್ಟಳು. ಅನಂತರ ತಟ್ಟೆ ತರಿಸಿ, ಸಿಸ್ಟರಿಗೆ ಉಡಿ ತುಂಬುತ್ತೇನೆ ಎಂದಳು. ಕಾಕು ಅವಳ ಸೆರಗು ಜಗ್ಗಿ, ‘ಅವರ ಲಗ್ನ ಆಗಿಲ್ಲಕ್ಕಾ, ಕುಂಕುಮ ಇಲ್ಲ’ ಎಂದು ಪಿಸುಗುಟ್ಟಿದಳು. ‘ಮನಿ ಮಗಳಿಗಿ ತುಂಬೂದಿಲ್ಲೇನು?’ ಎಂದಳು ಅವ್ವ. ಸಿಸ್ಟರಿಗೆ ಏನು ತಿಳಿಯಿತೋ, ಬಿಳಿಯ ಸೆರಗನ್ನು ಎರಡೂ ಕೈಯಲ್ಲಿ ಚಾಚಿ ಹಿಡಿದರು. ಅವ್ವ ಅಕ್ಕಿ ಹಾಕಿದಳು, ಕಾಯಿ ಇಟ್ಟಳು. ಅಕ್ಕಿ ಚೆಲ್ಲಬಾರದೆಂದು ಸಿಸ್ಟರ್ ಆ ಸೆರಗನ್ನು ಹಾಗೇ ಹಿಡಿದುಕೊಂಡು ಉಳಿದ ಮಕ್ಕಳ ಹೆಸರು ಕರೆದರು.

ಮನೆಗೆ ಬರುವಾಗ ಕಾಕು ಮುಂದೆ ನಡೆದಳು. ಓಣಿಯವರಿಗೆ ಯಾರಿಗೆ ಮೊದಲು ಹೇಳಬೇಕೆಂಬ ಅವಸರ ಅವಳ ಕಾಲಿನಲ್ಲಿತ್ತು. ನಾನು ಅವ್ವನ ಪಕ್ಕದಲ್ಲಿ ನಡೆಯುತ್ತ, ಆಯಿ ಎಂದು ನಾನು ಹೇಳಿದ್ದು, ವೀಣಾಳಿಂದ ಗೊತ್ತಾದದ್ದು, ಸೀಟಿಗೆ ಹೆದರಿದ್ದು, ದೇವರ ಮುಂದೆ ದಿನಾ ಹೇಳಿದ್ದು ಎಲ್ಲವನ್ನೂ ಹೇಳಿದೆ. ಅವ್ವ ನಡುನಡುವೆ ಹೂಂ ಎನ್ನುತ್ತ ಕೇಳಿದಳು. ಮುಗಿಸಿದ ಮೇಲೆ ನಡುದಾರಿಯಲ್ಲಿ ನಿಂತಳು.

‘ಬರಬ್ಯಾಡ ಅಂದದ್ದು ಅದಕ್ಕೇನು?’

‘ಹೂಂ.’

‘ಬ್ಯಾರೆ ಏನೂ ಇಲ್ಲಲ್ಲ?’

‘ಇಲ್ಲವ್ವಾ.’

ಅವ್ವ ದೊಡ್ಡದಾಗಿ ಉಸಿರು ಬಿಟ್ಟಳು. ರಸ್ತೆಯ ಬದಿಯ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂತು, ನನ್ನನ್ನೂ ಪಕ್ಕಕ್ಕೆ ಎಳೆದುಕೊಂಡು ಕೂಡಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು.

‘ಹತ್ತ ದಿನ ಆತವ್ವಾ, ನಿನಗ ನನ್ನ ಕಂಡ್ರ ನಾಚಿಕಿ ಬರತೈತಿ ಅಂತ ತಿಳಕೊಂಡು ಒಂದ ತುತ್ತ ನೆಟ್ಟಗ ಉಂಡಿಲ್ಲ. ಸತ್ತೀನಿ ಅಂತ ಹೇಳಿದ್ದಿ, ಅಷ್ಟ ಅಲ್ಲ?’ ಎಂದಳು. ‘ನಾಚಿಕಿಗಿಂತ ಅದು ಎಷ್ಟೋ ಪಾಡು.’

ಹಾಗೆಂದು ಎದ್ದು, ಹಸಿವಾಗಿದೆ ಲಗೂ ನಡಿ ಎಂದಳು.